ವೆಲ್ಡಿಂಗ್ ಹೊಗೆ ಮಿದುಳಿಗೂ ಮುಟ್ಟುತ್ತದೆ: ಶಾಪಿನಲ್ಲಿ, ಮನೆಯಲ್ಲಿ ಏನು ಮಾಡಬೇಕು?

ವೆಲ್ಡಿಂಗ್ ಮಾಡುವವರು ಕಣ್ಣಿಗೆ ಶೀಲ್ಡ್ ಹಿಡಿಯುತ್ತಾರೆ. ಮೂಗಿನ ಬಗ್ಗೆ ಅಷ್ಟು ಎಚ್ಚರವಿಲ್ಲ. ರಾಡ್ ಕರಗುವಾಗ ಅದರೊಳಗಿನ ಕಬ್ಬಿಣ, ಮ್ಯಾಂಗನೀಸ್ ಆವಿಯಾಗಿ, ಗಾಳಿಯ ಆಮ್ಲಜನಕ ಕೂಡಿ ಆಕ್ಸೈಡ್ ಕಣಗಳಾಗುತ್ತವೆ. ಬಹಳಷ್ಟು ಕಣಗಳು 100 ನ್ಯಾನೋಮೀಟರ್‌ಗಿಂತ ಚಿಕ್ಕವು. ಒಂದು ಮಿಲಿಮೀಟರ್ ಉದ್ದಕ್ಕೆ ಅಂಥವು ಹತ್ತು ಸಾವಿರ ಹಿಡಿಸುತ್ತವೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳು ಉಸಿರಾಡಿದ ಮ್ಯಾಂಗನೀಸ್ ಆಕ್ಸೈಡ್ ಕಣಗಳಿಂದ ಮ್ಯಾಂಗನೀಸ್ ವಾಸನೆಯ ನರದ ಮೂಲಕ ಮಿದುಳು ಸೇರಿತ್ತು.

ಮೊದಲು ನಿಲ್ಲುವ ಜಾಗ ನೋಡಿಕೊಳ್ಳಿ. ಹೊಗೆ ಏಳುವ ದಾರಿಯಲ್ಲಿ ಮುಖ ಇರಬಾರದು. ಫ್ಯಾನ್ ಗಾಳಿ ಪಕ್ಕದಿಂದ ಹಾಯಲಿ. ಮಿಗ್ ವೆಲ್ಡಿಂಗ್‌ನಲ್ಲಿ ಜೋರು ಗಾಳಿ ಬೆಸುಗೆಯನ್ನು ಕಾಯುವ ಗ್ಯಾಸನ್ನು ಚದುರಿಸಿ ಅದನ್ನು ಕೆಡಿಸುತ್ತದೆ. ಅಲ್ಲಿ ಹೊಗೆ ಹೀರುವ ಪೈಪೇ ಬೇಕು, ಅದರ ಬಾಯಿ ಬೆಸುಗೆಯಿಂದ ಒಂದು ಅಡಿಯೊಳಗಿರಬೇಕು.

ಬಣ್ಣ, ಸತುವಿನ ಲೇಪವನ್ನು ಮಾಸ್ಕ್ ಹಾಕಿಕೊಂಡೇ ಮೊದಲು ಉಜ್ಜಿ ತೆಗೆಯಿರಿ. ಜಿ.ಐ. ಪೈಪ್ ಬೆಸೆದ ಸಂಜೆ ಕಾಡುವ ಚಳಿಜ್ವರಕ್ಕೆ ಸತುವಿನ ಆಕ್ಸೈಡ್ ಹೊಗೆ ಕಾರಣ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೋಗುತ್ತದೆ ಎಂದು ನಂಬಬೇಡಿ. ಉಸಿರಿನಲ್ಲಿ ಒಳಹೋದ ಲೋಹವನ್ನು ಅವು ಹೊರಹಾಕಲಾರವು.

ಟವೆಲ್, ಕರ್ಚೀಫು ಈ ಕಣಗಳನ್ನು ತಡೆಯುವುದಿಲ್ಲ. ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಮಾಸ್ಕ್ ಕೊಳ್ಳಿ, ಅಂಚು ಮುಖಕ್ಕೆ ಬಿಗಿಯಾಗಿ ಕೂರಲಿ.

ಇನ್ನು ಮನೆಯವರು ಗಮನಿಸಬೇಕಾದದ್ದು. ಚಲನೆಯನ್ನು ಹತೋಟಿಯಲ್ಲಿಡುವ ಮಿದುಳಿನ ಆಳದ ಭಾಗದಲ್ಲಿ ಮ್ಯಾಂಗನೀಸ್ ಸೇರಿಕೊಳ್ಳುತ್ತದೆ. ಆದರೂ ಕೈಕಾಲಿಗಿಂತ ಮೊದಲು ಸ್ವಭಾವವೇ ಬದಲಾಗಬಹುದು: ಸಣ್ಣದಕ್ಕೂ ಸಿಡುಕು, ನಿದ್ದೆಗೇಡು, ಮರೆವು, ಕಾರಣವಿಲ್ಲದ ನಗು ಅಥವಾ ಅಳು. ಆಮೇಲೆ ದನಿ ಕುಗ್ಗುತ್ತದೆ, ಬರೆವ ಅಕ್ಷರ ಚಿಕ್ಕದಾಗುತ್ತದೆ, ಹಿಂದಕ್ಕೆ ಹೆಜ್ಜೆಯಿಟ್ಟರೆ ಆಯ ತಪ್ಪುತ್ತದೆ, ಕೆಲವರು ತುದಿಗಾಲಲ್ಲಿ ನಡೆಯುತ್ತಾರೆ. ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಕೆಲಸಗಾರರ ನಡಿಗೆ ಕೆಟ್ಟದ್ದನ್ನು ಸ್ಕಾಟ್ಲೆಂಡಿನ ವೈದ್ಯ ಕೂಪರ್ 1837ರಲ್ಲೇ ದಾಖಲಿಸಿದ್ದರು. ದುಡಿದು ಬಂದವನ ಸಿಡುಕನ್ನು ಕುಡಿತಕ್ಕೋ ಕೆಟ್ಟ ಬುದ್ಧಿಗೋ ಕಟ್ಟಿ ಸುಮ್ಮನಾಗುವುದು ಅವನಿಗೆ ಮಾಡುವ ಅನ್ಯಾಯ.

ಇಂಥ ಲಕ್ಷಣ ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಎಷ್ಟು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೀರಿ, ಯಾವ ರಾಡ್ ಬಳಸುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಪಾರ್ಕಿನ್ಸನ್ ಕಾಯಿಲೆಯಂತೆ ಕಂಡರೂ, ಅದಕ್ಕೆ ಕೊಡುವ ಲೆವೊಡೋಪಾ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಎಂಆರ್‌ಐಯಲ್ಲಿ ಸಿಗುವ ಮ್ಯಾಂಗನೀಸಿನ ಗುರುತು ಹೊಗೆಯಿಂದ ದೂರವಾದ ಕೆಲವು ತಿಂಗಳಲ್ಲಿ ಮಾಸುತ್ತದೆ, ಹಾಗಾಗಿ ತಡಮಾಡಬೇಡಿ. ರಕ್ತಹೀನತೆಯನ್ನೂ ಪರೀಕ್ಷಿಸಿಕೊಳ್ಳಿ, ಕಬ್ಬಿಣಾಂಶ ಕಡಿಮೆಯಿದ್ದರೆ ದೇಹ ಮ್ಯಾಂಗನೀಸನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಮ್ಯಾಂಗನೀಸ್ ವಿಷಬಾಧೆಯನ್ನು 1948ರ ಕಾರ್ಖಾನೆ ಕಾಯ್ದೆ ವೈದ್ಯರು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ತೋರಿಸಲು ಇಎಸ್‌ಐ ಕಾರ್ಡ್ ಇರುವವರು ಚೀಟಿ, ವರದಿಗಳನ್ನೆಲ್ಲ ಜೋಪಾನವಾಗಿಡಿ. ಶಾಪ್ ಇಟ್ಟವರೇ, ಮುಂದಿನ ಸಲ ರಾಡ್ ತರಿಸುವಾಗ ಮಾಸ್ಕ್‌ಗಳನ್ನೂ ತರಿಸಿ.