ಸಂತರ ಹೆಸರಷ್ಟೇ ಸಾಕೇ?



ಪಿ.ಯು.ಸಿ. ಫಲಿತಾಂಶ ಬಂದೊಡನೆ ಹಲವರು ಕೇಳುತ್ತಾರೆ: "ಫಾದರ್, ಮಗಳನ್ನು ನಮ್ಮ ಕಥೋಲಿಕ ಕಾಲೇಜಿಗೇ ಸೇರಿಸಬೇಕೇ?"

ಜಗದ್ಗುರು ಎರಡನೇ ಜಾನ್ ಪೌಲರು 1990ರಲ್ಲಿ ಹೊರಡಿಸಿದ 'ಎಕ್ಸ್ ಕೋರ್ದೆ ಎಕ್ಲೇಸಿಯೆ' ಎಂಬ ಶಾಸನವು ಕಥೋಲಿಕ ಉನ್ನತ ವಿದ್ಯಾಸಂಸ್ಥೆಗೆ ನಾಲ್ಕು ಗುರುತುಗಳನ್ನು ಹೇಳುತ್ತದೆ: ಇಡೀ ಸಮುದಾಯದಲ್ಲಿ ಕ್ರೈಸ್ತ ಪ್ರೇರಣೆ, ವಿಶ್ವಾಸದ ಬೆಳಕಿನಲ್ಲಿ ಜ್ಞಾನದ ಚಿಂತನೆ, ಧರ್ಮಸಭೆಯ ಮೂಲಕ ಬಂದ ಕ್ರೈಸ್ತ ಸಂದೇಶಕ್ಕೆ ನಿಷ್ಠೆ, ಜನರ ಸೇವೆ. ಹೆಬ್ಬಾಗಿಲ ಮೇಲಿನ ಸಂತರ ಹೆಸರು ಈ ನಾಲ್ಕರಲ್ಲಿ ಸೇರಿಲ್ಲ!

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಿಂದ, ಸಂತ ಆಗ್ನೆಸ್ ಕಾಲೇಜು 1921ರಿಂದ ಎಲ್ಲ ಧರ್ಮದವರಿಗೂ ವಿದ್ಯೆ ನೀಡುತ್ತಿವೆ. ಅನ್ಯಧರ್ಮೀಯರು ಹೆಚ್ಚಿದ್ದಾರೆಂದ ಮಾತ್ರಕ್ಕೆ ಕಾಲೇಜು ಕಥೋಲಿಕವಲ್ಲದೆ ಹೋಗದು. ಅವರ ಆತ್ಮಸಾಕ್ಷಿಯನ್ನು ಗೌರವಿಸಬೇಕೆಂದು ಅದೇ ಶಾಸನ ಹೇಳುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮುನ್ನ ಹೋಗಿ ವಿಚಾರಿಸಿ. ವಿದ್ಯಾರ್ಥಿಗಳ ಆತ್ಮಿಕ ಆರೈಕೆಗೆ ಗುರುಗಳಿದ್ದಾರೆಯೇ? ಬಲಿಪೂಜೆ, ಧ್ಯಾನಕೂಟ ನಡೆಯುತ್ತವೆಯೇ? ಫೀಸು ಕಟ್ಟಲಾಗದ ಬಡ ಮಗುವಿಗೆ ಅಲ್ಲಿ ಸಿಗುವ ಉತ್ತರವೇನು? ಮಗುವಿಗೆ ಒಲಿದ ವಿಷಯ ಅಲ್ಲಿದೆಯೇ?

"ಬಡ್ಡಿಗೆ ಸಾಲ ತಂದಾದರೂ ಸೇರಿಸುತ್ತೇನೆ" ಎಂದ ಒಬ್ಬ ತಂದೆಗೆ "ಬೇಡ" ಎಂದೆ. ಮಗಳು ಸರ್ಕಾರಿ ಕಾಲೇಜಿಗೆ ಹೋದಳು. ಆ ಮನೆಯಲ್ಲಿ ಸಂಜೆಯ ಜಪಸರ ಮಾತ್ರ ನಿಲ್ಲಲಿಲ್ಲ. ಮಕ್ಕಳಿಗೆ ತಂದೆ-ತಾಯಿಯರೇ ಮೊದಲ ಶಿಕ್ಷಕರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಒಳ್ಳೆಯ ಕಥೋಲಿಕ ಕಾಲೇಜು ನಿಮಗೆ ನೆರವಾಗುತ್ತದೆ. ನಿಮ್ಮ ಹೊಣೆಯನ್ನು ಅದು ಹೊರಲಾರದು.

ಚಿಂತನೆಗೆ: ನಮ್ಮ ಮನೆಯಲ್ಲಿ ಕೊನೆಯದಾಗಿ ಎಲ್ಲರೂ ಕೂಡಿ ಪ್ರಾರ್ಥಿಸಿದ್ದು ಯಾವಾಗ?