ಕೆರೆಯ ಕಣ್ಣಿಗೆ ಕಂಡ ಕಡಲು

ಮೂಲ್ಕಿಯಲ್ಲಿ ಮೊದಲ ದಿನ ಸರ್ಫಿಂಗ್ ಕಲಿಸುವ ಹುಡುಗ ನಮ್ಮನ್ನು ನೀರಿಗೇ ಬಿಡಲಿಲ್ಲ. ಅರ್ಧ ತಾಸು ಮರಳ ಮೇಲೆ ಕೂರಿಸಿ, "ಎಲ್ಲಿ ಇಳೀತೀರಿ, ತೋರಿಸಿ" ಎಂದ. ನಾನು ಬಲಗಡೆಗೆ ಕೈ ಮಾಡಿದೆ. ಅತ್ತ ಇತ್ತ ಅಲೆ ಒಡೆದು ನೊರೆ ಏಳುತ್ತಿದ್ದರೆ ನಡುವೆ ಅಲ್ಲೊಂದು ಕಡೆ ಮಾತ್ರ ನೀರು ನಮ್ಮೂರ ಕೆರೆಯ ಹಾಗೆ ಸುಮ್ಮನಿತ್ತು.

"ಅಲ್ಲಿ ಇಳಿದರೆ ಒಳಗೆ ಎಳಕೊಂಡು ಹೋಗ್ತದೆ ಮಾರಾಯ್ರೆ."

ಅಲೆಗಳು ದಂಡೆಗೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಮರಳದಿಬ್ಬಗಳ ನಡುವೆ ಆಳ ಸಿಕ್ಕಲ್ಲಿ ಅದು ಹಳ್ಳದ ಹಾಗೆ ಒಳಕ್ಕೆ ಹರಿಯುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಮೇಲಿನಿಂದ ನೋಡಿದರೆ ಶಾಂತವಾಗಿ ಕಾಣುತ್ತದೆ. ನೀರು ಸುಮ್ಮನಿದ್ದರೆ ಹೆದರಿಕೆಯಿಲ್ಲ ಎನ್ನುವುದು ನಮ್ಮ ಬಯಲುಸೀಮೆಯ ಲೆಕ್ಕ. ಹಾವೇರಿ, ರಾಣೆಬೆನ್ನೂರು ಕಡೆಯವರು ರಜೆ ಬಂದರೆ ಟೆಂಪೋ ಮಾಡಿಕೊಂಡು ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುತ್ತೇವೆ. ಕಡಲಲ್ಲಿ ಯಾರೋ ಮುಳುಗಿದ ಸುದ್ದಿ ಓದಿ 'ಈಜು ಬರುತ್ತಿತ್ತಲ್ಲ' ಎಂದು ಮರುಗುತ್ತೇವೆ. ಈಜು ಬಂದರೆ ಸಾಲದು. ಹೊಳೆಯ ಸೆಳವಿಗೆ ಅಡ್ಡಲಾಗಿ ಈಜಬೇಕೆಂದು ತುಂಗಭದ್ರೆಯಲ್ಲಿ ಕಲಿತವನೂ ಕಡಲಿನಲ್ಲಿ, ದಂಡೆ ಕಣ್ಣೆದುರಿಗೇ ಕಾಣುವುದರಿಂದ, ನೇರ ಅದರತ್ತಲೇ ಈಜಿ ಸುಸ್ತಾಗುತ್ತಾನೆ. ಅಲ್ಲಿಯೂ ಅಡ್ಡಕ್ಕೇ ಹೋಗಬೇಕು. ದಂಡೆಗುಂಟ ಈಜಿ, ಸೆಳವು ದಾಟಿ, ಅಲೆ ಒಡೆಯುವ ಕಡೆಯಿಂದ ತಿರುಗಿ ಬರಬೇಕು. ಆ ಅರ್ಧ ತಾಸಿನ ಪಾಠವನ್ನು ಈಗ ಪ್ರತಿ ವರ್ಷ ಶಾಲೆಯ ಪ್ರವಾಸಕ್ಕೆ ಮುಂಚೆ ನನ್ನ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ.

ನಾನು ಬ್ಯಾಡಗಿಯವಳು, ರಾಣೆಬೆನ್ನೂರಿನಲ್ಲಿ ಮಾಸ್ತರಿಕೆ. ಮೂಲ್ಕಿಯ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ವಿಡಿಯೋ ನೋಡಿ ಒಂಬತ್ತನೆಯ ತರಗತಿಯ ಮಗಳು ಹಟ ಹಿಡಿದಳು. ಸಂಕ್ರಾಂತಿಯ ರಜೆಗೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಹೋದೆವು. ಅವಳನ್ನು ದಂಡೆಯಲ್ಲಿ ನಿಂತು ಕಾಯುವುದು ಅಂದುಕೊಂಡಿದ್ದೆ. ಅವಳೇ ಕೈಹಿಡಿದು ಎಳೆದಳು.

ಮೂಲ್ಕಿ ಚಿಕ್ಕ ಊರು. ಅಮೆರಿಕದಿಂದ ಬಂದ ಜಾಕ್ ಹೆಬ್ನರ್, ಜನ 'ಸರ್ಫಿಂಗ್ ಸ್ವಾಮಿ' ಎಂದು ಕರೆದವರು, 2004ರಲ್ಲಿ ಇಲ್ಲಿ ಆಶ್ರಮ ಮತ್ತು ಸರ್ಫ್ ಕ್ಲಬ್ ಕಟ್ಟಿದರು. ಮೀನುಗಾರರ ಮಕ್ಕಳು ಹಲಗೆ ಏರಿದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ನಮ್ಮ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವ ಹಾಗೆ, ಇಲ್ಲಿ ಶಾಂಭವಿ, ನಂದಿನಿ ಎರಡೂ ಕೂಡಿ ಕಡಲಿಗೆ ಇಳಿಯುತ್ತವೆ. ಆ ಅಳಿವೆಯ ಬಾಯಲ್ಲಿ ಸೆಳವು ಜೋರು. ಹೊಸಬರು ದೂರ ಇರಬೇಕು.

ಹಲಗೆಯ ಪಾಠವೂ ದಂಡೆಯಲ್ಲೇ ಶುರು. ಮರಳಲ್ಲಿ ಬೋರಲು ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಂದೇ ಏಟಿಗೆ ಎದ್ದು ನಿಲ್ಲಬೇಕು. ಇಪ್ಪತ್ತು ಸಲ ಮಾಡಿಸಿದ. ನೀರಿನಲ್ಲಿ ನಾನು ಎದ್ದ ಕೂಡಲೇ ಕಾಲು ಸರಿಯಾಗಿದೆಯೇ ಎಂದು ಕೆಳಗೆ ನೋಡುತ್ತಿದ್ದೆ, ನೋಡಿದ ಕೂಡಲೇ ಬೀಳುತ್ತಿದ್ದೆ. ಕಣ್ಣು ಎಲ್ಲಿಗೋ ಮೈ ಅಲ್ಲಿಗೆ. ಎರಡನೆಯ ದಿನ ಇನ್ನೊಂದು ತಪ್ಪು ಮಾಡಿದೆ. ಹಲಗೆಯನ್ನು ಅಲೆಗೂ ನನಗೂ ನಡುವೆ ಅಡ್ಡ ಹಿಡಿದು ನಿಂತಿದ್ದೆ. ಹಾಗೆ ಹಿಡಿಯಬೇಡಿ ಎಂದು ಹುಡುಗ ಮೂರು ಸಲ ಹೇಳಿದ್ದ. ಬಂದ ಅಲೆ ಹಲಗೆಯನ್ನು ಎತ್ತಿ ಪಕ್ಕೆಗೆ ಒಗೆಯಿತು. ಉಸಿರು ನಿಂತ ಹಾಗಾಯಿತು, ವಾರವಿಡೀ ಮಗ್ಗಲು ಬದಲಿಸಲಾಗಲಿಲ್ಲ. ಹಲಗೆ ಯಾವಾಗಲೂ ಪಕ್ಕದಲ್ಲಿ, ಮೂತಿ ಅಲೆಯ ಕಡೆಗೆ. ಇದನ್ನು ನನ್ನ ಪಕ್ಕೆಲುಬು ಮರೆಯುವುದಿಲ್ಲ.

ಮೂರನೆಯ ದಿನ ನಿಂತೆ. ನಾಲ್ಕೆಣಿಸುವಷ್ಟು ಹೊತ್ತು. ಕಾಲಡಿ ನೀರು ಓಡುತ್ತಿತ್ತು, ನಾನು ತೆಂಗಿನ ಸಾಲು ನೋಡುತ್ತಿದ್ದೆ.

ಉಳಿದುಕೊಂಡ ಮನೆಯಾಕೆ ಮೀನಿನ ಗಸಿಗೆ ಮೆಣಸು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದು ಊರು ನೆನಪಾಯಿತು. "ಬ್ಯಾಡಗಿ ಮೆಣಸು, ಖಾರ ಕಡಿಮೆ, ಬಣ್ಣ ಒಳ್ಳೆಯದು" ಎಂದರು. ನಾನು ಬ್ಯಾಡಗಿಯವಳೇ ಎಂದೆ. ಅವರು ಸೌಟು ಹಿಡಿದುಕೊಂಡೇ ತಿರುಗಿ ನೋಡಿದರು. ಬ್ಯಾಡಗಿ ಎಂದರೆ ಒಂದು ಊರು ಎಂದು ಅವರಿಗೆ ಗೊತ್ತೇ ಇರಲಿಲ್ಲ, ಮೆಣಸಿನ ಜಾತಿಯ ಹೆಸರು ಅಂದುಕೊಂಡಿದ್ದರಂತೆ. ಡಬ್ಬಿ, ಕಡ್ಡಿ ಎಂಬ ತಳಿಗಳು, ಸೋಮವಾರ ಗುರುವಾರದ ಮಾರುಕಟ್ಟೆ, ಭೌಗೋಳಿಕ ಸೂಚ್ಯಂಕ ಸಿಕ್ಕ 2011, ತುಟಿಗೆ ಹಚ್ಚುವ ಬಣ್ಣಕ್ಕೂ ಅದರ ಕೆಂಪು ಹೋಗುವುದು, ಎಲ್ಲ ಹೇಳಿದೆ. ತುಂಬು ಬಿಡಿಸುವ ಹೆಂಗಸರ ಬೆರಳುರಿ, ರಾತ್ರಿಯ ಕೆಮ್ಮಿನ ಬಗ್ಗೆಯೂ ಹೇಳಿದೆ, ಏಕೆಂದರೆ ನನ್ನವ್ವ ಅದೇ ಕೆಲಸ ಮಾಡಿ ನನ್ನನ್ನು ಓದಿಸಿದಳು. ಅವರು ಒಂದು ಮೆಣಸು ಎತ್ತಿ ಬಹಳ ಹೊತ್ತು ನೋಡಿದರು.

ಆ ರಾತ್ರಿ ಹತ್ತಿರದಲ್ಲೇ ಕಟೀಲು ಮೇಳದ ಯಕ್ಷಗಾನದ ಆಟ. ಚಂಡೆಯ ಸದ್ದಿಗೆ ಮಗಳ ನಿದ್ದೆ ಹಾರಿತು. ಹರಕೆಯ ಆಟಕ್ಕೆ ಇಲ್ಲಿ ಜನ ಸರದಿ ಹಚ್ಚಿ ವರ್ಷಗಟ್ಟಲೆ ಕಾಯುತ್ತಾರೆ. ಬೆಳಿಗ್ಗೆ ಹಲಗೆ ಏರುವ ಹುಡುಗರೇ ರಾತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನಮ್ಮ ಕಡೆಯ ದೊಡ್ಡಾಟಕ್ಕೂ ಇಂಥ ಸರದಿ ಹತ್ತಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವ್ವ ಸಮುದ್ರ ಕಂಡವಳಲ್ಲ. ಈಗ ಪಯಣದ ಶಕ್ತಿಯಿಲ್ಲ. ಊರಿಗೆ ಬಂದಾಗ ಅಂಗಳದಲ್ಲಿ ಹೊಸ ಮೆಣಸಿನಕಾಯಿ ಹರವಿತ್ತು. "ಹೆಂಗಿತ್ತವಾ ಸಮುದ್ರ?" ಎಂದಳು. ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು, ಅವ್ವನ ಕಣ್ಣಿಗೆ ಅದು ಅಷ್ಟಾಗಿ ಹತ್ತಲಿಲ್ಲ. ನನಗೆ ದಂಡೆಯಲ್ಲಿ ಕೂತ ಆ ಅರ್ಧ ತಾಸು ನೆನಪಾಯಿತು. ಅಲೆ ಹಿಂದೆ ಸರಿಯುವಾಗ ಮರಳ ಮೇಲೆ ಒಂದು ಸದ್ದು ಬಿಡುತ್ತದೆ. ಎಲ್ಲೋ ಕೇಳಿದ್ದೇನಲ್ಲ ಎಂದು ಮೂರು ದಿನವೂ ಅನಿಸಿತ್ತು.

ಒಂದು ಮೊರ ತುಂಬ ಮೆಣಸಿನಕಾಯಿ ತುಂಬಿ, ಅವ್ವನ ಕಿವಿಯ ಹತ್ತಿರ ನಿಧಾನಕ್ಕೆ ಬುಟ್ಟಿಗೆ ಸುರಿದೆ. "ಹಿಂಗ ಸಪ್ಪಳ ಮಾಡ್ತದ, ಹಗಲೂ ರಾತ್ರಿ" ಎಂದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಸುರಿಯಲು ಹೇಳಿದಳು. ಸುರಿದೆ.

"ಇನ್ನೂ ಹಸಿ ಐತಿ" ಎಂದಳು. "ಎರಡು ದಿನ ಬಿಸಿಲಿಗೆ ಬಿಡು."