ಟೆಸ್ಟ್ ಫೈಲುಗಳನ್ನು ಕವರೇಜ್ ಲೆಕ್ಕಕ್ಕೆ ಸೇರಿಸಬೇಕೆ?

ಪ್ರಶ್ನೆ: ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತರು ತೂಕ, ಹರಾಜಿನ ದರ ಕೊಟ್ಟರೆ ಕೈಗೆ ಬರಬೇಕಾದ ಹಣ ತೋರಿಸುವ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕವರೇಜ್ ವರದಿ ಶೇ. 80 ಎನ್ನುತ್ತದೆ. ಟೆಸ್ಟ್ ಫೈಲುಗಳನ್ನು ಹೊರಗಿಟ್ಟರೆ ಶೇ. 50ಕ್ಕೆ ಇಳಿಯುತ್ತದೆ. ಯಾವುದನ್ನು ನಂಬಲಿ?
— ಓದುಗರೊಬ್ಬರು, ದೊಡ್ಡಮಳೂರು

ಉತ್ತರ: ಶೇ. 50ನ್ನೇ ನಂಬಿ. ಟೆಸ್ಟ್‌ಗಳನ್ನು ಓಡಿಸಿದಾಗ ನಿಮ್ಮ ಪ್ರೋಗ್ರಾಂನ ಎಷ್ಟು ಸಾಲುಗಳು ನಿಜವಾಗಿ ಓಡಿದವು ಎಂಬುದೇ ಕವರೇಜ್. ಪ್ರೋಗ್ರಾಂ 400 ಸಾಲು, ಅದರಲ್ಲಿ ಓಡಿದ್ದು 200 ಎಂದುಕೊಳ್ಳಿ. ಟೆಸ್ಟ್ ಫೈಲುಗಳು 600 ಸಾಲು. ಟೆಸ್ಟ್ ಓಡಿಸಿದರೆ ಅವು ಹೇಗೂ ಓಡುತ್ತವೆ. ಎರಡನ್ನೂ ಕೂಡಿಸಿದರೆ 1000ಕ್ಕೆ 800. ಚನ್ನಪಟ್ಟಣದ ಗೊಂಬೆಗಳನ್ನು ಪರಿಶೀಲಿಸುವವರು ಕೈಯಲ್ಲಿರುವ ಅಳತೆಪಟ್ಟಿಯನ್ನೂ ಗೊಂಬೆಗಳ ಲೆಕ್ಕಕ್ಕೆ ಸೇರಿಸಿದ ಹಾಗಾಯಿತು. ಒಂದೇ ಲಾಟಿಗೆ ಎರಡು ಸಲ ದರ ದಾಖಲಾದರೆ, ತೂಕದ ಜಾಗ ಖಾಲಿ ಉಳಿದರೆ ಏನಾಗುತ್ತದೆ ಎಂಬುದು ಆ ಓಡದ 200 ಸಾಲುಗಳಲ್ಲೇ ಇರಬಹುದು. ಅಲ್ಲಿ ತಪ್ಪಿದರೆ ನಷ್ಟ ರೈತನಿಗೆ.

ಗೋ ಭಾಷೆಯ ಕವರೇಜ್ ಸಾಧನ ಟೆಸ್ಟ್ ಫೈಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಾವಾಸ್ಕ್ರಿಪ್ಟಿನ ಜೆಸ್ಟ್ ಕೂಡ ಅವನ್ನು ತಾನೇ ಬಿಡುತ್ತದೆ. ಪೈಥಾನಿನ ಕವರೇಜ್.ಪೈನಲ್ಲಿ ಮಾತ್ರ ‘ಒಮಿಟ್’ ಎಂಬ ಸೆಟ್ಟಿಂಗ್‌ನಲ್ಲಿ ನೀವೇ ಹೇಳಬೇಕು. ಅಲ್ಲಿ ಎಚ್ಚರವಿರಲಿ: ಹೆಸರಿನಲ್ಲಿ ‘ಟೆಸ್ಟ್’ ಎಂದಿರುವ ಎಲ್ಲ ಫೈಲುಗಳನ್ನೂ ಬಿಡು ಎಂದು ಬರೆದರೆ ‘ಲೇಟೆಸ್ಟ್ ರೇಟ್’ ಎಂಬ ಫೈಲೂ ಮಾಯವಾಗುತ್ತದೆ. ದರ ಲೆಕ್ಕ ಹಾಕುವ ಫೈಲೇ ಅದಾಗಿದ್ದರೆ ಗತಿಯೇನು? ಟೆಸ್ಟ್‌ಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು ಆ ಫೋಲ್ಡರನ್ನಷ್ಟೇ ಹೆಸರಿಸಿ.

ಇಷ್ಟಾದರೂ ಟೆಸ್ಟ್ ಫೈಲುಗಳ ವರದಿಯನ್ನು ಪೂರ್ತಿ ಕಣ್ಮರೆ ಮಾಡಬೇಡಿ. ಕವರೇಜ್.ಪೈಯನ್ನು 2004ರಿಂದ ನೋಡಿಕೊಳ್ಳುತ್ತಿರುವ ನೆಡ್ ಬ್ಯಾಚೆಲ್ಡರ್ ಅವರ ಸಲಹೆ ನಿಮಗೆ ಅಚ್ಚರಿ ತರಬಹುದು: ಟೆಸ್ಟ್‌ಗಳನ್ನೂ ಅಳೆಯಿರಿ ಎನ್ನುತ್ತಾರೆ ಅವರು. ಕಾರಣ ಗಟ್ಟಿಯಾದದ್ದು. ಒಂದು ಟೆಸ್ಟನ್ನು ನಕಲು ಮಾಡಿ ಅಂಟಿಸಿ, ಒಳಗಿನದನ್ನು ತಿದ್ದಿ, ಹೆಸರು ಬದಲಿಸುವುದನ್ನು ಮರೆತಿರೆನ್ನಿ. ಪೈಥಾನಿನಲ್ಲಿ ಒಂದೇ ಫೈಲಿನಲ್ಲಿ ಎರಡು ಫಂಕ್ಷನ್‌ಗಳಿಗೆ ಒಂದೇ ಹೆಸರಿದ್ದರೆ ಎರಡನೆಯದಷ್ಟೇ ಉಳಿಯುತ್ತದೆ. ಮೊದಲ ಟೆಸ್ಟ್ ಓಡುವುದೇ ಇಲ್ಲ. ಆದರೂ ಎಲ್ಲ ಟೆಸ್ಟ್ ಪಾಸ್ ಎಂದೇ ತೆರೆಯ ಮೇಲೆ ಬರುತ್ತದೆ. ಈ ಮೋಸ ಸುಲಭವಾಗಿ ಸಿಕ್ಕಿಬೀಳುವುದು ಟೆಸ್ಟ್ ಫೈಲಿನ ಕವರೇಜ್‌ನಲ್ಲಿ: ಆ ಸಾಲುಗಳು ಕೆಂಪಗೆ ಕಾಣುತ್ತವೆ.

ಬ್ಯಾಚೆಲ್ಡರ್ ಅವರ ಕಾರಣವನ್ನು ನಾನು ಒಪ್ಪುತ್ತೇನೆ. ಎರಡನ್ನೂ ಕೂಡಿಸಿದ ಒಂದೇ ಅಂಕಿಯನ್ನು ಒಪ್ಪುವುದಿಲ್ಲ. ಎರಡು ವರದಿ ತೆಗೆಯಿರಿ. ಟೆಸ್ಟ್ ಫೋಲ್ಡರಿನ ವರದಿ ಶೇ. 100ರ ಹತ್ತಿರವಿರಬೇಕು, ಕಡಿಮೆಯಾದರೆ ಯಾವುದೋ ಟೆಸ್ಟ್ ಸತ್ತಿದೆ ಎಂದೇ ತಿಳಿದು ಹುಡುಕಿ. ಇತರರಿಗೆ ತೋರಿಸುವ ಅಂಕಿ ಮಾತ್ರ ಪ್ರೋಗ್ರಾಂನದ್ದಾಗಿರಲಿ. ಅದು ಇವತ್ತು ಶೇ. 50 ಇದ್ದರೆ 50 ಎಂದೇ ಹೇಳಿ, ಹಣದ ಲೆಕ್ಕವಿರುವ ಫೈಲಿಗೆ ಮೊದಲು ಟೆಸ್ಟ್ ಬರೆಯಲು ಕೂರಿ.